ಊರಿನ ಉಳಿತಾಯ ಊರಿನ ಮಕ್ಕಳ ದುಡಿಮೆಗೆ: ಮೊಂಡ್ರಾಗೊನ್‌ನ ಫಾದರ್ ಹೋಸೆ ಮರಿಯಾ ಅವರ ಬದುಕು

ಸ್ಪೇನ್ ದೇಶದ ಉತ್ತರ ಭಾಗದಲ್ಲಿ, ಬೆಟ್ಟಗುಡ್ಡಗಳ ನಡುವೆ ಮೊಂಡ್ರಾಗೊನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಧರ್ಮಕೇಂದ್ರದಲ್ಲಿ 35 ವರ್ಷಗಳಿಗೂ ಮಿಕ್ಕಿ ಸಹಾಯಕ ಗುರುಗಳಾಗಿ ಸೇವೆ ಸಲ್ಲಿಸಿ, 1976ರ ನವೆಂಬರ್ 29ರಂದು ನಿಧನರಾದ ಫಾದರ್ ಹೋಸೆ ಮರಿಯಾ ಅರಿಸ್ಮೆಂಡಿಯಾರಿಯೆಟಾ ಅವರ ಹೆಸರನ್ನು ಇಂದು ಜಗತ್ತಿನ ಸಹಕಾರಿ ಕ್ಷೇತ್ರದಲ್ಲಿ ಬಲ್ಲವರು ಬಹಳ. ಅವರು ಯಾವ ಕಂಪೆನಿಯ ಅಧ್ಯಕ್ಷರೂ ಆಗಿರಲಿಲ್ಲ, ಬ್ಯಾಂಕಿನ ಮ್ಯಾನೇಜರೂ ಆಗಿರಲಿಲ್ಲ. ತಮ್ಮ ಹೆಸರಿನಲ್ಲಿ ಒಂದು ಷೇರನ್ನೂ ಇಟ್ಟುಕೊಳ್ಳಲಿಲ್ಲ. ಆದರೂ ಅವರ ಪ್ರೇರಣೆಯಿಂದ ಆ ಊರಿನ ಜನ ತಮ್ಮ ಸಣ್ಣ ಸಣ್ಣ ಉಳಿತಾಯವನ್ನು ಒಂದುಗೂಡಿಸಿ ಶಾಲೆ ಕಟ್ಟಿದರು, ಕಾರ್ಖಾನೆ ಕಟ್ಟಿದರು, ಬ್ಯಾಂಕ್ ಕಟ್ಟಿದರು. ಕೊನೆಗೆ ಇಡೀ ಕಣಿವೆಗೆ ಕೆಲಸ ಕೊಡುವ ಸಂಸ್ಥೆಗಳ ಸಮೂಹವನ್ನೇ ಕಟ್ಟಿದರು.

ಮೊಂಡ್ರಾಗೊನ್ ಇರುವುದು ಗಿಪುಸ್ಕೋವಾ ಪ್ರಾಂತ್ಯದಲ್ಲಿ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯುಸ್ ಅವರು ಹುಟ್ಟಿದ ಲೊಯೊಲಾ ಕೂಡ ಅದೇ ಪ್ರಾಂತ್ಯದ್ದು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹುಟ್ಟೂರು ಪಕ್ಕದ ನವಾರಾದಲ್ಲಿದೆ. ಹೀಗೆ ಈ ನಾಡಿನ ಹೆಸರು ನಮ್ಮ ಕರಾವಳಿಯ ಕ್ರೈಸ್ತರಿಗೆ ಹೊಸದೇನಲ್ಲ. ಆದರೆ ಅದೇ ನಾಡಿನಿಂದ ಇಪ್ಪತ್ತನೇ ಶತಮಾನದಲ್ಲಿ ಬಂದ ಈ ಧರ್ಮಗುರುವಿನ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ. ಹಾಗಾಗಿ ಅವರ ಬದುಕನ್ನು ನಾವಿಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ಸೆಮಿನರಿ

ಹೋಸೆ ಮರಿಯಾ ಅವರು 1915ರ ಏಪ್ರಿಲ್ 22ರಂದು ಬಿಸ್ಕಾಯಾ ಪ್ರಾಂತ್ಯದ ಮಾರ್ಕಿನಾ ಬಳಿಯ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಮನೆಮಾತು ಬಾಸ್ಕ್. ನಾಲ್ವರು ಮಕ್ಕಳಲ್ಲಿ ಅವರೇ ಹಿರಿಯರು. ಮೂರು ವರ್ಷದ ಮಗುವಾಗಿದ್ದಾಗ ನಡೆದ ಅಪಘಾತದಲ್ಲಿ ಎಡಗಣ್ಣನ್ನು ಕಳೆದುಕೊಂಡರು. ಹಿರಿಯ ಮಗನಾಗಿ ಮನೆ, ಜಮೀನು ನೋಡಿಕೊಳ್ಳಬೇಕಾಗಿದ್ದ ಅವರು ಓದಿನ ಹಂಬಲದಿಂದ ಹನ್ನೆರಡರ ಹರೆಯದಲ್ಲಿ ಕಿರಿಯ ಸೆಮಿನರಿ ಸೇರಿದರು. ಆಮೇಲೆ ವಿಟೋರಿಯಾದ ಸೆಮಿನರಿಯಲ್ಲಿ ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಅಭ್ಯಾಸ ಮಾಡಿದರು. ಕಾರ್ಮಿಕರ ಹಕ್ಕು ಮತ್ತು ನ್ಯಾಯವಾದ ಕೂಲಿಯ ಕುರಿತು ಪೋಪ್ ಹದಿಮೂರನೇ ಲಿಯೋ ಅವರು 1891ರಲ್ಲಿ ಹೊರಡಿಸಿದ ವಿಶ್ವಪತ್ರ, ಹಾಗೆಯೇ ಪೋಪ್ ಹನ್ನೊಂದನೇ ಪಿಯುಸ್ ಅವರು 1931ರಲ್ಲಿ ಹೊರಡಿಸಿದ ವಿಶ್ವಪತ್ರ ಆ ಕಾಲದ ಯುವ ಸೆಮಿನರಿ ವಿದ್ಯಾರ್ಥಿಗಳ ಮನಸ್ಸನ್ನು ತಟ್ಟಿದ್ದವು.

1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಆರಂಭವಾಯಿತು. ಒಂದು ಕಣ್ಣಿಲ್ಲದ ಕಾರಣ ಹೋಸೆ ಮರಿಯಾ ಅವರನ್ನು ಯುದ್ಧಭೂಮಿಗೆ ಕಳುಹಿಸಲಿಲ್ಲ. ಬಾಸ್ಕ್ ಭಾಷೆಯ ದಿನಪತ್ರಿಕೆ ಎಗುನಾದಲ್ಲಿ ಅವರು ಬರಹಗಾರರಾಗಿ ದುಡಿದರು. 1937ರ ಜೂನ್‌ನಲ್ಲಿ ಬಿಲ್ಬಾವೊ ನಗರ ಜನರಲ್ ಫ್ರಾಂಕೋ ಅವರ ಸೇನೆಯ ವಶವಾದ ಮೇಲೆ ಅವರ ಬಂಧನವಾಯಿತು. ಸುಮಾರು ಒಂದು ತಿಂಗಳು ಸೆರೆಮನೆಯಲ್ಲಿದ್ದು ಬಿಡುಗಡೆಗೊಂಡು ಪುನಃ ಸೆಮಿನರಿಗೆ ಮರಳಿ ಗುರುದೀಕ್ಷೆ ಪಡೆದರು. ಬೆಲ್ಜಿಯಂನ ಲುವೆನ್‌ಗೆ ಹೋಗಿ ಸಮಾಜಶಾಸ್ತ್ರ ಓದಬೇಕೆಂಬುದು ಅವರ ಆಸೆಯಾಗಿತ್ತು. ಬಿಷಪರು ಅದಕ್ಕೆ ಒಪ್ಪದೆ 1941ರ ಫೆಬ್ರವರಿಯಲ್ಲಿ ಮೊಂಡ್ರಾಗೊನ್ ಧರ್ಮಕೇಂದ್ರಕ್ಕೆ ಕಳುಹಿಸಿದರು. ಆಗ ಅವರಿಗೆ 25 ವರ್ಷ.

ಮುರಿದ ಊರು

ಮೊಂಡ್ರಾಗೊನ್ ಅಂದು ಸುಮಾರು ಏಳೆಂಟು ಸಾವಿರ ಜನರ ಊರು. ಕಬ್ಬಿಣದ ಕೆಲಸಕ್ಕೆ ಹಳೆಯ ಕಾಲದಿಂದಲೂ ಹೆಸರು ಪಡೆದಿತ್ತು. ಯೂನಿಯನ್ ಸೆರ್ರಾಹೇರಾ ಎಂಬ ಬೀಗ ಮತ್ತು ಎರಕದ ಕಾರ್ಖಾನೆಯೇ ಊರಿನ ದೊಡ್ಡ ಉದ್ಯೋಗದಾತ. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಒಂದೇ ಬೀದಿಯ ಜನ ಎರಡು ಪಕ್ಷಗಳಲ್ಲಿ ನಿಂತು ಹೋರಾಡಿದ್ದರು. ಮನೆಮನೆಯಲ್ಲೂ ಸತ್ತವರ, ಸೆರೆಯಾದವರ ನೋವಿತ್ತು. ಆಹಾರ ಸಾಮಗ್ರಿ ಪಡಿತರದಲ್ಲಿ ಸಿಗುತ್ತಿತ್ತು. ಕ್ಷಯರೋಗ ಹರಡಿತ್ತು. ಕಾರ್ಖಾನೆ ನಡೆಸುತ್ತಿದ್ದ ಅಪ್ರೆಂಟಿಸ್ ಶಾಲೆಗೆ ಅಲ್ಲಿನ ಕೆಲಸಗಾರರ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು. ಉಳಿದ ಹುಡುಗರಿಗೆ ಹದಿನಾಲ್ಕು ದಾಟಿದರೆ ಕೂಲಿ ಕೆಲಸ, ಇಲ್ಲವೇ ಊರು ಬಿಡುವ ದಾರಿ.

ಹೊಸ ಗುರುಗಳನ್ನು ಜನ ಮೊದಲಿಗೆ ಅಷ್ಟಾಗಿ ಮೆಚ್ಚಿಕೊಳ್ಳಲಿಲ್ಲ. ಅವರ ಪ್ರಸಂಗ ನೀರಸವಾಗಿರುತ್ತಿತ್ತು, ಸುಲಭವಾಗಿ ಅರ್ಥವಾಗುತ್ತಿರಲಿಲ್ಲ. ಆದರೆ ಪೀಠದ ಮೇಲೆ ಸೋತ ಮಾತು ಸಣ್ಣ ಗುಂಪುಗಳ ನಡುವೆ ಗೆದ್ದಿತು. ಯುವಕರನ್ನು ಕೂಡಿಸಿ ಅವರು ಅಧ್ಯಯನ ವರ್ಗಗಳನ್ನು ನಡೆಸತೊಡಗಿದರು. ಕೂಲಿ ಮತ್ತು ಬಂಡವಾಳದ ಸಂಬಂಧ, ದುಡಿಮೆಯ ಘನತೆ, ಊರಿನ ಜವಾಬ್ದಾರಿ ಇಂತಹ ವಿಷಯಗಳ ಬಗ್ಗೆ ವಾರದಲ್ಲಿ ಹಲವು ಬಾರಿ ಚರ್ಚೆ ನಡೆಯುತ್ತಿತ್ತು. ಕ್ರೀಡಾ ಸಂಘ ಸ್ಥಾಪಿಸಿ ಹುಡುಗರಿಗೆ ಫುಟ್‌ಬಾಲ್ ಆಡಲು ಅನುಕೂಲ ಮಾಡಿದರು. ಊರಿಗೊಂದು ಚಿಕಿತ್ಸಾಲಯ ಬರಲು ಶ್ರಮಿಸಿದರು.

ಇದರ ಹಿಂದೆ ಒಂದು ಯೋಚನೆಯಿತ್ತು. ಯುದ್ಧದಿಂದ ಒಡೆದ ಜನರನ್ನು ಉಪದೇಶದಿಂದ ಒಂದುಗೂಡಿಸುವುದು ಕಷ್ಟ. ಎಲ್ಲರಿಗೂ ಬೇಕಾದ ಒಂದು ಕೆಲಸವನ್ನು ಎಲ್ಲರೂ ಕೈಸೇರಿಸಿ ಮಾಡಿದರೆ ಮನಸ್ಸು ತಾನಾಗಿ ಹತ್ತಿರವಾಗುತ್ತದೆ ಎಂದು ಅವರು ನಂಬಿದ್ದರು.

ಬೀದಿ ಮೂಲೆಯ ಪೆಟ್ಟಿಗೆಗಳು

ಎಲ್ಲ ಮಕ್ಕಳಿಗೂ ತೆರೆದಿರುವ ತಾಂತ್ರಿಕ ಶಾಲೆಯೊಂದು ಬೇಕು ಎಂದು ಫಾದರ್ ಹೋಸೆ ಮರಿಯಾ ನಿರ್ಧರಿಸಿದರು. ದೊಡ್ಡ ಕಾರ್ಖಾನೆಯವರು ತಮ್ಮ ಶಾಲೆಯನ್ನು ಎಲ್ಲರಿಗೂ ತೆರೆಯಲು ಒಪ್ಪಲಿಲ್ಲ. ಆಗ ಅವರು ನೇರವಾಗಿ ಊರಿನವರ ಬಳಿಗೆ ಹೋದರು. ಬೀದಿಗಳ ಮೂಲೆಯಲ್ಲಿ ಪೆಟ್ಟಿಗೆಗಳನ್ನಿಡಲಾಯಿತು. ಶಾಲೆಗಾಗಿ ಹಣ ಕೊಡಬಯಸುವವರು, ಹಣವಿಲ್ಲದಿದ್ದರೆ ಶ್ರಮ ಅಥವಾ ಬೇರೆ ಸಹಾಯ ನೀಡಬಯಸುವವರು ಅದನ್ನು ಚೀಟಿಯಲ್ಲಿ ಬರೆದು ಆ ಪೆಟ್ಟಿಗೆಗೆ ಹಾಕಬೇಕಿತ್ತು. ಸುಮಾರು 600 ಚೀಟಿಗಳು ಬಂದವು. ಅಂದರೆ ಊರಿನ ವಯಸ್ಕರಲ್ಲಿ ನೂರಕ್ಕೆ ಹದಿನೈದು ಮಂದಿಯಷ್ಟು ಜನ ಸ್ಪಂದಿಸಿದ್ದರು.

1943ರ ಅಕ್ಟೋಬರ್‌ನಲ್ಲಿ ಇಪ್ಪತ್ತು ವಿದ್ಯಾರ್ಥಿಗಳೊಂದಿಗೆ ಶಾಲೆ ಆರಂಭವಾಯಿತು. ಹಣ ಕೊಟ್ಟವರಿಗೆ ಶಾಲೆಯ ಆಡಳಿತದಲ್ಲಿ ಮಾತಿನ ಹಕ್ಕೂ ಇತ್ತು ಎಂಬುದು ಗಮನಾರ್ಹ. ಸರ್ವಾಧಿಕಾರದ ಆ ಕಾಲದಲ್ಲಿ ಜನರು ಮತ ಹಾಕಿ ಪ್ರತಿನಿಧಿಗಳನ್ನು ಆರಿಸುವ ಅವಕಾಶ ಬೇರೆಡೆ ಬಹಳ ವಿರಳವಾಗಿತ್ತು. ದಾನ ಕೊಟ್ಟು ಮರೆತುಬಿಡುವ ಬದಲು, ಕೊಟ್ಟದ್ದು ಏನಾಯಿತು ಎಂದು ಕೇಳುವ ಅಭ್ಯಾಸ ಊರಿಗೆ ಬಂದದ್ದು ಇಲ್ಲಿಂದಲೇ.

ಶಾಲೆಯ ಮೊದಲ ತಂಡಗಳ ಹನ್ನೊಂದು ಮಂದಿ ಇನ್ನೂ ಮುಂದೆ ಓದಲು ಬಯಸಿದರು. ದೂರದ ನಗರಕ್ಕೆ ಹೋಗಿ ಕಾಲೇಜಿನಲ್ಲಿ ಉಳಿಯಲು ಅವರ ಕುಟುಂಬಗಳಿಗೆ ಶಕ್ತಿಯಿರಲಿಲ್ಲ. ಫಾದರ್ ಹೋಸೆ ಮರಿಯಾ ಅವರು ಸಾರಗೋಸಾದ ಅಧಿಕಾರಿಗಳೊಂದಿಗೆ ಮಾತನಾಡಿ, ಈ ಹುಡುಗರು ಊರಿನಲ್ಲೇ ಕೆಲಸ ಮಾಡುತ್ತಾ ರಾತ್ರಿ ಓದಿ ಪರೀಕ್ಷೆಗೆ ಮಾತ್ರ ಅಲ್ಲಿಗೆ ಹೋಗುವ ವ್ಯವಸ್ಥೆ ಮಾಡಿದರು. 1952ರಲ್ಲಿ ಅವರು ಎಂಜಿನಿಯರಿಂಗ್ ತೇರ್ಗಡೆಯಾದರು.

ಮೊದಲ ಕಾರ್ಖಾನೆ

ಈ ಯುವಕರಲ್ಲಿ ಕೆಲವರು ದೊಡ್ಡ ಕಾರ್ಖಾನೆಯಲ್ಲೇ ಉದ್ಯೋಗದಲ್ಲಿದ್ದರು. ಕಾರ್ಮಿಕರಿಗೂ ಬಂಡವಾಳದಲ್ಲಿ ಪಾಲು, ಆಡಳಿತದಲ್ಲಿ ಮಾತು ಇರಬೇಕು ಎಂದು ಅಲ್ಲಿ ಕೇಳಿಕೊಂಡರು. ಕಾರ್ಖಾನೆಯವರು ಒಪ್ಪಲಿಲ್ಲ. ಅವರಲ್ಲಿ ಐವರು ಉತ್ತಮ ಸಂಬಳದ ಕೆಲಸ ಬಿಟ್ಟು ತಾವೇ ಒಂದು ಉದ್ಯಮ ಆರಂಭಿಸುವ ತೀರ್ಮಾನಕ್ಕೆ ಬಂದರು. ಉಸಾಟೊರ್ರೆ, ಲಾರ್ರನ್ಯಾಗಾ, ಗೊರ್ರೊನ್ಯೊಗೊಯಿಟಿಯಾ, ಒರ್ಮಾಚೆಯಾ ಮತ್ತು ಒರ್ತುಬಾಯ್ ಎಂಬುದು ಆ ಐವರ ಮನೆತನದ ಹೆಸರುಗಳು. ಅವುಗಳ ಅಕ್ಷರಗಳನ್ನೇ ಜೋಡಿಸಿ ಉದ್ಯಮಕ್ಕೆ ಉಲ್ಗೋರ್ ಎಂದು ಹೆಸರಿಟ್ಟರು.

ಕೈಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. 1955ರಲ್ಲಿ ಅವರು ಸ್ನೇಹಿತರು, ನೆರೆಹೊರೆಯವರು ಮತ್ತು ಬಂಧುಗಳ ಬಳಿ ಹೋಗಿ ಸಾಲ ಕೇಳಿದರು. ಏನನ್ನು ತಯಾರಿಸುತ್ತೇವೆ ಎಂಬುದು ಆಗ ಅವರಿಗೇ ಖಚಿತವಿರಲಿಲ್ಲ. ಆದರೂ ಊರಿನ ಸುಮಾರು 100 ಮಂದಿ ಸೇರಿ 1.1 ಕೋಟಿ ಪೆಸೆಟಾದಷ್ಟು ಹಣ ಕೊಡುವ ಭರವಸೆ ನೀಡಿದರು. ಅಂದಿನ ಕಾಲಕ್ಕೆ, ಅಂತಹ ಊರಿಗೆ ಇದು ಬಹು ದೊಡ್ಡ ಮೊತ್ತ. ಜನರು ನಂಬಿದ್ದು ಯೋಜನೆಯ ಕಾಗದವನ್ನಲ್ಲ, ಆ ಹುಡುಗರನ್ನು ಮತ್ತು ಅವರನ್ನು ಬೆಳೆಸಿದ ಗುರುವನ್ನು. ಹನ್ನೆರಡು ವರ್ಷ ಶಾಲೆ ನಡೆಸಿದ ರೀತಿಯನ್ನು ಅವರು ಕಣ್ಣಾರೆ ಕಂಡಿದ್ದರು.

ಆಗ ಸ್ಪೇನ್‌ನಲ್ಲಿ ಹೊಸ ಕಾರ್ಖಾನೆಗೆ ಲೈಸನ್ಸ್ ಸಿಗುವುದು ಸುಲಭವಿರಲಿಲ್ಲ. ಹಾಗಾಗಿ ವಿಟೋರಿಯಾದಲ್ಲಿ ದಿವಾಳಿಯಾಗಿದ್ದ ಒಂದು ಸಣ್ಣ ಉದ್ಯಮವನ್ನು ಅದರ ಲೈಸನ್ಸ್ ಸಮೇತ ಖರೀದಿಸಿದರು. 1956ರ ಏಪ್ರಿಲ್ 14ರಂದು ಮೊಂಡ್ರಾಗೊನ್‌ನಲ್ಲಿ ಹೊಸ ಕಟ್ಟಡದ ಅಡಿಗಲ್ಲನ್ನು ಫಾದರ್ ಹೋಸೆ ಮರಿಯಾ ಆಶೀರ್ವದಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಕೆಲಸಗಾರರೊಂದಿಗೆ ಸೀಮೆಎಣ್ಣೆ ಸ್ಟವ್ ತಯಾರಿಕೆ ಆರಂಭವಾಯಿತು. ಮುಂದೆ ಗ್ಯಾಸ್ ಒಲೆ, ಫ್ರಿಜ್, ವಾಷಿಂಗ್ ಮೆಷಿನ್ ಬಂದವು. ಫಾಗೋರ್ ಎಂಬ ಹೆಸರಿನಲ್ಲಿ ಈ ವಸ್ತುಗಳು ಸ್ಪೇನ್‌ನ ಮನೆಮನೆ ತಲುಪಿದವು.

ಸಹಕಾರಿ ನಿಯಮಗಳನ್ನು ರೂಪಿಸಲು ಫಾದರ್ ಹೋಸೆ ಮರಿಯಾ ಕಾನೂನು ಪುಸ್ತಕಗಳನ್ನು ತಿರುವಿಹಾಕಿದರು. ಅವರ ಮಾರ್ಗದರ್ಶನದಲ್ಲಿ ಬಂದ ನಿಯಮಗಳು ಹೀಗಿದ್ದವು. ಕೆಲಸಗಾರರೇ ಸದಸ್ಯರು, ಸದಸ್ಯರೇ ಮಾಲೀಕರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸೇರುವವರೆಲ್ಲರೂ ಒಂದು ವರ್ಷದ ಕನಿಷ್ಠ ವೇತನಕ್ಕೆ ಹತ್ತಿರವಾದ ಮೊತ್ತವನ್ನು ಬಂಡವಾಳವಾಗಿ ಹಾಕಬೇಕು, ಒಮ್ಮೆಲೇ ಸಾಧ್ಯವಾಗದಿದ್ದರೆ ಸಂಬಳದಲ್ಲಿ ಕಂತಾಗಿ ಮುರಿದುಕೊಳ್ಳಬಹುದು. ಅತಿ ಹೆಚ್ಚಿನ ಸಂಬಳ ಅತಿ ಕಡಿಮೆ ಸಂಬಳದ ಮೂರು ಪಟ್ಟನ್ನು ಮೀರಬಾರದು. ಲಾಭದಲ್ಲಿ ಶೇಕಡಾ 10ನ್ನು ಊರಿನ ಶಿಕ್ಷಣ ಮತ್ತು ಸಮಾಜ ಸೇವೆಗೆ ಕೊಡಬೇಕು, ಒಂದು ಪಾಲನ್ನು ಮೀಸಲು ನಿಧಿಗೆ ಸೇರಿಸಬೇಕು. ಉಳಿದದ್ದು ಸದಸ್ಯರ ಹೆಸರಿನ ಖಾತೆಗೆ ಜಮೆಯಾಗಿ, ಅವರು ನಿವೃತ್ತರಾಗುವವರೆಗೆ ಸಂಸ್ಥೆಯಲ್ಲೇ ಬಂಡವಾಳವಾಗಿ ಉಳಿಯಬೇಕು. ಸಂಬಳದ ಮಿತಿ ಮುಂದೆ ಆರು ಪಟ್ಟಿನವರೆಗೆ ಸಡಿಲಗೊಂಡಿತಾದರೂ ತತ್ವ ಉಳಿಯಿತು.

ಊರಿನದೇ ಬ್ಯಾಂಕ್

ಫಾದರ್ ಹೋಸೆ ಮರಿಯಾ ಅವರ ದೂರದೃಷ್ಟಿಗೆ ದೊಡ್ಡ ಸಾಕ್ಷಿಯೆಂದರೆ 1959ರಲ್ಲಿ ಸ್ಥಾಪನೆಯಾದ ಕಾಹಾ ಲಬೊರಾಲ್ ಪೊಪುಲಾರ್, ಅಂದರೆ ದುಡಿಯುವ ಜನರ ಉಳಿತಾಯ ಬ್ಯಾಂಕ್. ಕಾರ್ಖಾನೆಗಳು ಬೆಳೆದಂತೆ ಬಂಡವಾಳ ಬೇಕಾಗುತ್ತದೆ, ಅದಕ್ಕಾಗಿ ದೊಡ್ಡ ನಗರದ ಬ್ಯಾಂಕುಗಳ ಬಾಗಿಲು ಕಾಯುವ ಪರಿಸ್ಥಿತಿ ಬರಬಾರದು ಎಂಬುದು ಅವರ ಅಭಿಪ್ರಾಯವಾಗಿತ್ತು. ಕಣಿವೆಯ ರೈತರು, ಕೂಲಿಯವರು, ಅಂಗಡಿಯವರು ಇಡುವ ಠೇವಣಿ ಬೇರೆ ಊರಿನ ಬ್ಯಾಂಕಿಗೆ ಹೋಗಿ, ಅಲ್ಲಿಂದ ಬೇರೆ ಊರಿನ ಉದ್ಯಮಕ್ಕೆ ಸಾಲವಾಗುತ್ತಿತ್ತು. ಅದೇ ಹಣ ಇಲ್ಲೇ ಉಳಿದರೆ ಇಲ್ಲಿನ ಮಕ್ಕಳಿಗೆ ಕೆಲಸವಾಗಬಹುದಲ್ಲವೇ ಎಂದು ಅವರು ಯೋಚಿಸಿದರು.

ಉಲ್ಗೋರ್‌ನ ಯುವಕರು ಮೊದಲಿಗೆ ಇದನ್ನು ಸಾರಾಸಗಟಾಗಿ ತಳ್ಳಿಹಾಕಿದರು. ಕಾರ್ಖಾನೆ ನಡೆಸುವುದನ್ನೇ ಈಗಷ್ಟೇ ಕಲಿಯುತ್ತಿರುವ ತಮಗೆ ಬ್ಯಾಂಕಿನ ಗೊಡವೆ ಬೇಡವೆಂದರು. ಫಾದರ್ ಹೋಸೆ ಮರಿಯಾ ಬಿಡಲಿಲ್ಲ. ನಿಯಮಾವಳಿಗಳನ್ನು ತಾವೇ ಬರೆದರು. ಸರಕಾರಕ್ಕೆ ಸಲ್ಲಿಸಬೇಕಾದ ಕಾಗದಗಳಿಗೆ ಅವರ ಶಿಷ್ಯರಲ್ಲಿ ಇಬ್ಬರ ಸಹಿಯನ್ನೂ ಅವರೇ ಹಾಕಿಬಿಟ್ಟರು ಎಂದು ಆ ಆರಂಭದ ದಿನಗಳ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಇದನ್ನು ಅನುಸರಿಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಆ ವಿಷಯದಲ್ಲಿ ಅವರಿಗಿದ್ದ ಆತುರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಅಂದಿನ ಕಾನೂನಿನಂತೆ ಇಂತಹ ಸಹಕಾರಿ ಬ್ಯಾಂಕ್ ಠೇವಣಿಗೆ ಬೇರೆ ಬ್ಯಾಂಕುಗಳಿಗಿಂತ ಅರ್ಧ ಶೇಕಡಾ ಹೆಚ್ಚು ಬಡ್ಡಿ ನೀಡಬಹುದಾಗಿತ್ತು. ಅದು ಅನುಕೂಲವಾಯಿತು. ಆದರೆ ಜನರನ್ನು ಒಲಿಸಿದ್ದು ಬಡ್ಡಿಯೊಂದೇ ಅಲ್ಲ. ಬ್ಯಾಂಕಿನ ಪ್ರಚಾರದ ತಿರುಳು ಬಹಳ ಸರಳವಾಗಿತ್ತು: ಇಂದು ಕೈಯಲ್ಲಿ ಊರಿನ ಬ್ಯಾಂಕಿನ ಪಾಸ್‌ಬುಕ್ ಹಿಡಿಯದಿದ್ದರೆ, ನಾಳೆ ಮಕ್ಕಳ ಕೈಯಲ್ಲಿ ಸೂಟ್‌ಕೇಸ್ ಹಿಡಿಸಬೇಕಾಗುತ್ತದೆ. ಪರವೂರಿಗೆ ಮಕ್ಕಳನ್ನು ಕಳುಹಿಸಿದ ತಂದೆ ತಾಯಂದಿರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ.

ಈ ಬ್ಯಾಂಕ್ ಕೇವಲ ಸಾಲ ಕೊಟ್ಟು ವಸೂಲಿ ಮಾಡುವ ಕೆಲಸಕ್ಕೆ ನಿಲ್ಲಲಿಲ್ಲ. ಉದ್ಯಮ ಆರಂಭಿಸಲು ಬಯಸುವ ಸ್ನೇಹಿತರ ತಂಡವೊಂದು ಬಂದರೆ, ಅವರೊಂದಿಗೆ ಕೂತು ಏನು ತಯಾರಿಸಬೇಕು, ಎಲ್ಲಿ ಮಾರಬೇಕು, ಎಷ್ಟು ಖರ್ಚಾಗುತ್ತದೆ ಎಂದು ತಿಂಗಳುಗಟ್ಟಲೆ ಅಧ್ಯಯನ ಮಾಡಲು ಬ್ಯಾಂಕಿನಲ್ಲಿ ಪ್ರತ್ಯೇಕ ವಿಭಾಗವಿತ್ತು. ಬ್ಯಾಂಕಿನ ಅನುಭವಿಯೊಬ್ಬರು ಆ ತಂಡಕ್ಕೆ ಜ್ಞಾನಸ್ನಾನದ ಪೊದು ತಂದೆಯಂತೆ ಜೊತೆಗಿರುತ್ತಿದ್ದರು. ಮೊದಲ ವರ್ಷಗಳ ನಷ್ಟವನ್ನು ತಾಳಿಕೊಳ್ಳುವ ರೀತಿಯಲ್ಲಿ ಸಾಲವನ್ನು ಹೊಂದಿಸಲಾಗುತ್ತಿತ್ತು. ಕಷ್ಟದಲ್ಲಿರುವ ಸಂಘಕ್ಕೆ ಬಡ್ಡಿ ಹೆಚ್ಚಿಸುವ ಬದಲು ಇಳಿಸಲಾಗುತ್ತಿತ್ತು. ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಸಾಲ ಪಡೆಯುವ ಸಹಕಾರಿ ಸಂಘಗಳ ಪ್ರತಿನಿಧಿಗಳೂ ಬ್ಯಾಂಕಿನ ನೌಕರರ ಪ್ರತಿನಿಧಿಗಳೂ ಇದ್ದರು.

ಅದೇ ವರ್ಷ ಇನ್ನೊಂದು ತೊಂದರೆ ಎದುರಾಯಿತು. ಸಹಕಾರಿ ಸದಸ್ಯರು ನೌಕರರಲ್ಲ, ಮಾಲೀಕರು ಎಂದು ಹೇಳಿ ಸರಕಾರ ಅವರನ್ನು ಸಾಮಾಜಿಕ ಭದ್ರತಾ ಯೋಜನೆಯಿಂದ ಹೊರಗಿಟ್ಟಿತು. ಆಸ್ಪತ್ರೆಯ ಖರ್ಚು, ಪಿಂಚಣಿ ಯಾವುದೂ ಇಲ್ಲದಂತಾಯಿತು. ಆಗ ಸದಸ್ಯರು ತಮ್ಮದೇ ನಿಧಿಯನ್ನು ಕಟ್ಟಿದರು. ಅದೇ ಮುಂದೆ ಲಗುನ್ ಅರೋ ಎಂಬ ಪ್ರತ್ಯೇಕ ಸಂಸ್ಥೆಯಾಯಿತು.

ಸರಳ ಜೀವನ

ಹೀಗೆ ಸಂಘಗಳು ಒಂದರ ಹಿಂದೆ ಒಂದರಂತೆ ಬೆಳೆದವು. 1966ರಲ್ಲಿ ವಿದ್ಯಾರ್ಥಿಗಳೇ ಅರ್ಧ ದಿನ ದುಡಿದು ಅರ್ಧ ದಿನ ಓದುವ ಅಲೆಕೊಪ್ ಎಂಬ ಸಹಕಾರಿ ಕಾರ್ಖಾನೆ ಆರಂಭವಾಯಿತು. ಬಡ ಮಕ್ಕಳು ಫೀಸು ಕೊಡಲು ಯಾರ ಮುಂದೆಯೂ ಕೈಚಾಚಬೇಕಾಗಿರಲಿಲ್ಲ. ಮದುವೆಯಾದ ಮಹಿಳೆಯರು ಮನೆಯನ್ನೂ ನೋಡಿಕೊಂಡು ಕೆಲಸದ ಹೊತ್ತನ್ನು ಹೊಂದಿಸಿಕೊಳ್ಳಲು ಅನುಕೂಲವಾಗುವಂತೆ ಅಡುಗೆ ಮತ್ತು ಶುಚಿತ್ವದ ಸೇವೆ ನೀಡುವ ಮಹಿಳಾ ಸಹಕಾರಿ ಸಂಘವೂ ಅವರ ಪ್ರೋತ್ಸಾಹದಿಂದ ಹುಟ್ಟಿತು. 1969ರಲ್ಲಿ ಹಲವು ಸಣ್ಣ ಗ್ರಾಹಕರ ಸಂಘಗಳು ಸೇರಿ ಎರೋಸ್ಕಿ ಎಂಬ ಅಂಗಡಿಗಳ ಜಾಲವಾಯಿತು. 1974ರಲ್ಲಿ ಇಕೆರ್ಲಾನ್ ಎಂಬ ಸಂಶೋಧನಾ ಕೇಂದ್ರ ತಲೆಯೆತ್ತಿತು.

ಇಷ್ಟೆಲ್ಲಾ ಆಗುವಾಗಲೂ ಫಾದರ್ ಹೋಸೆ ಮರಿಯಾ ಅವರು ಧರ್ಮಕೇಂದ್ರದ ಸಹಾಯಕ ಗುರುಗಳಾಗಿಯೇ ಉಳಿದರು. ಸಂಘಗಳಿಂದ ಸಂಬಳ ತೆಗೆದುಕೊಳ್ಳಲಿಲ್ಲ. ಸೈಕಲ್ ಮೇಲೆ ಓಡಾಡುತ್ತಿದ್ದರು. ತಾಂತ್ರಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. 1960ರಿಂದ ಸಹಕಾರಿಗಳ ಪತ್ರಿಕೆಗೆ ಬರೆಯುತ್ತಿದ್ದರು. ಮಹಾಸಭೆಗಳಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಸದಸ್ಯರೇ ಆಗಿರಬೇಕು, ಪಾದ್ರಿಗಳಲ್ಲ ಎಂಬುದನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಬಲಪಂಥದವರು ಅವರನ್ನು ಕೆಂಪು ಪಾದ್ರಿ ಎಂದರೆ, ಎಡಪಂಥದವರು ಕಾರ್ಮಿಕರನ್ನು ಹೋರಾಟದಿಂದ ದೂರ ಮಾಡಿ ಸಣ್ಣ ಬಂಡವಾಳಗಾರರನ್ನಾಗಿ ಮಾಡುತ್ತಿದ್ದಾರೆ ಎಂದು ದೂರಿದರು. ಅವರು ಎರಡಕ್ಕೂ ಉತ್ತರವಾಗಿ ಕೆಲಸವನ್ನು ಮುಂದುವರಿಸಿದರು.

ಅವರ ಕೊನೆಯ ವರ್ಷಗಳಲ್ಲಿ ನೋವಿನ ಘಟನೆಯೊಂದು ನಡೆಯಿತು. 1974ರಲ್ಲಿ ಉಲ್ಗೋರ್‌ನಲ್ಲಿ ಕೆಲಸದ ದರ್ಜೆ ಮತ್ತು ಸಂಬಳದ ವಿಂಗಡಣೆಯ ವಿಚಾರದಲ್ಲಿ ಮುಷ್ಕರವಾಯಿತು. ಮಾಲೀಕರೇ ತಮ್ಮ ವಿರುದ್ಧ ಮುಷ್ಕರ ಹೂಡಿದಂತಾಯಿತು. ಮುಂಚೂಣಿಯಲ್ಲಿದ್ದ 17 ಮಂದಿಯನ್ನು ಸದಸ್ಯತ್ವದಿಂದ ಹೊರಹಾಕಲಾಯಿತು, ಮಹಾಸಭೆ ಅದನ್ನು ಎತ್ತಿಹಿಡಿಯಿತು. ಊರು ಮತ್ತೆ ಎರಡಾಯಿತು. ಅವರನ್ನು ಮರಳಿ ಸೇರಿಸಿಕೊಳ್ಳುವ ಮತ ಬಿದ್ದದ್ದು 1978ರಲ್ಲಿ, ಫಾದರ್ ತೀರಿಕೊಂಡ ಎರಡು ವರ್ಷಗಳ ಬಳಿಕ. ಒಂದು ಸಂಘ ಮೂರು ಸಾವಿರಕ್ಕೂ ಹೆಚ್ಚು ಜನರಷ್ಟು ದೊಡ್ಡದಾದರೆ ಸದಸ್ಯನ ದನಿ ಮೇಲಿನವರಿಗೆ ಕೇಳಿಸುವುದಿಲ್ಲ ಎಂಬ ಪಾಠವನ್ನು ಅವರು ಇದರಿಂದ ಕಲಿತರು.

ಹೃದಯದ ಕಾಯಿಲೆಯಿಂದ ಬಳಲುತ್ತಿದ್ದ ಫಾದರ್ ಹೋಸೆ ಮರಿಯಾ ತಮ್ಮ 61ನೇ ವಯಸ್ಸಿನಲ್ಲಿ ನಿಧನ ಹೊಂದಿದರು. ಆ ಹೊತ್ತಿಗೆ ಸಹಕಾರಿಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನರಿಗೆ ಉದ್ಯೋಗವಿತ್ತು. 2015ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ಅವರ ಸದ್ಗುಣಗಳನ್ನು ಮಾನ್ಯ ಮಾಡಿ ಅವರನ್ನು ವಂದನೀಯರೆಂದು ಘೋಷಿಸಿದರು. ಸಂತ ಪದವಿಯ ದಾರಿಯಲ್ಲಿ ಇದು ಮಹತ್ವದ ಹೆಜ್ಜೆ.

ಅವರ ನಂತರ

ಅವರು ಬಿಟ್ಟುಹೋದದ್ದು ಎಂದೂ ಕುಸಿಯದ ಕೋಟೆಯೇನಲ್ಲ. 1997ರಲ್ಲಿ ಮೊಂಡ್ರಾಗೊನ್ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಸಹಕಾರಿಗಳ ಸಮೂಹ ಸುಮಾರು 70,000 ಮಂದಿಗೆ ಉದ್ಯೋಗ ನೀಡುವಷ್ಟು ಬೆಳೆಯಿತು. ಆದರೆ ಹೊರದೇಶಗಳಲ್ಲಿ ತೆರೆದ ಕಾರ್ಖಾನೆಗಳ ಕೆಲಸಗಾರರಲ್ಲಿ ಹೆಚ್ಚಿನವರು ಸದಸ್ಯರಲ್ಲ, ಬರೀ ಸಂಬಳದವರು ಎಂಬ ಟೀಕೆ ಬಂತು. 2008ರ ಆರ್ಥಿಕ ಬಿಕ್ಕಟ್ಟಿನ ಬಳಿಕ ಮನೆಬಳಕೆಯ ವಸ್ತುಗಳ ಮಾರಾಟ ಕುಸಿಯಿತು. 2013ರಲ್ಲಿ ಉಲ್ಗೋರ್‌ನಿಂದ ಬೆಳೆದ ಫಾಗೋರ್ ಗೃಹೋಪಯೋಗಿ ವಸ್ತುಗಳ ಸಂಸ್ಥೆಯೇ ದಿವಾಳಿಯಾಯಿತು. ಉಳಿದ ಸಂಘಗಳು ವರ್ಷಗಳ ಕಾಲ ಹಣ ಕೊಟ್ಟು ಆಧರಿಸಿ, ಕೊನೆಗೆ ಇನ್ನು ಸಾಧ್ಯವಿಲ್ಲವೆಂದವು. ಅಲ್ಲಿ ಜೀವಮಾನದ ಉಳಿತಾಯವನ್ನಿಟ್ಟಿದ್ದ ನಿವೃತ್ತರು ಹಣ ಕಳೆದುಕೊಂಡು ಬೀದಿಗಿಳಿದರು. ಬಾಸ್ಕ್ ಪ್ರದೇಶದ ಸದಸ್ಯರಲ್ಲಿ ಹೆಚ್ಚಿನವರಿಗೆ ಬೇರೆ ಸಂಘಗಳಲ್ಲಿ ಕೆಲಸ ಅಥವಾ ಅವಧಿಗೆ ಮುನ್ನ ನಿವೃತ್ತಿ ಸಿಕ್ಕಿತು. ಲಗುನ್ ಅರೋ ಆಗ ಕೈಹಿಡಿಯಿತು. 2022ರ ಕೊನೆಯಲ್ಲಿ ಉಲ್ಮಾ ಮತ್ತು ಒರೋನಾ ಎಂಬ ಎರಡು ದೊಡ್ಡ ಸಂಘಗಳು ಮತದಾನ ಮಾಡಿ ಸಮೂಹದಿಂದ ಹೊರಬಂದವು.

ಈ ಏಳುಬೀಳನ್ನು ನಾವು ಬಚ್ಚಿಡದೆ ಹೇಳುತ್ತಿರುವುದಕ್ಕೆ ಕಾರಣವಿದೆ. ಊರಿನ ಹಣದಿಂದ ಊರನ್ನು ಕಟ್ಟುವುದು ಪುಣ್ಯದ ಕೆಲಸವೆಂದ ಮಾತ್ರಕ್ಕೆ ಅದಕ್ಕೆ ನಷ್ಟದ ಭಯವಿಲ್ಲ ಎಂದು ತಿಳಿಯಬಾರದು. ಲೆಕ್ಕಪತ್ರ ಸರಿಯಿರಬೇಕು, ಮಹಾಸಭೆಗೆ ಜನ ಬರಬೇಕು, ಪ್ರಶ್ನೆ ಕೇಳಬೇಕು. ವಯಸ್ಸಾದವರ ಉಳಿತಾಯವನ್ನು ಒಂದೇ ಉದ್ಯಮದಲ್ಲಿ ಇಡಬಾರದು.

ನಮಗೆ ಕೆಲವು ಪ್ರಶ್ನೆಗಳು

ಕರಾವಳಿಯವರಿಗೆ ಉಳಿತಾಯದ ಪಾಠ ಹೊರಗಿನಿಂದ ಬರಬೇಕಾಗಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದವು. 1912ರಲ್ಲಿ ಮಂಗಳೂರು ಕಥೊಲಿಕ್ ಸಹಕಾರಿ ಬ್ಯಾಂಕ್ ಆರಂಭವಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆಯ ಮೂಲಕ ಬಡವರ ಮನೆಬಾಗಿಲಿಗೇ ಹೋಗಿ ದಿನದ ಎರಡಾಣೆ ಕೂಡಿಹಾಕಿತು. ಇವುಗಳಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾಗಿವೆ. ಕಥೊಲಿಕ್ ಸಹಕಾರಿ ಬ್ಯಾಂಕ್ ಶತಮಾನ ದಾಟಿ ಮುಂದುವರಿದಿದೆ.

ಉಳಿಸುವುದು ನಮಗೆ ಗೊತ್ತು. ಮುಂಬಯಿಯಿಂದ, ಗಲ್ಫ್‌ನಿಂದ ಮಕ್ಕಳು ಕಳುಹಿಸಿದ ಹಣವೂ ನಮ್ಮ ಬ್ಯಾಂಕುಗಳಿಗೇ ಬಂದಿದೆ. ಆದರೆ ಉಡುಪಿ ಜಿಲ್ಲೆಯಲ್ಲಿ ಸಂಗ್ರಹವಾಗುವ ಠೇವಣಿಗೆ ಹೋಲಿಸಿದರೆ ಜಿಲ್ಲೆಯಲ್ಲೇ ಸಾಲವಾಗಿ ಸಿಗುವ ಮೊತ್ತ ಕಡಿಮೆ ಎಂಬ ಮಾತು ಬ್ಯಾಂಕುಗಳ ಪರಿಶೀಲನಾ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಅಂದರೆ ನಮ್ಮ ಮಕ್ಕಳಂತೆ ನಮ್ಮ ಹಣವೂ ಊರು ಬಿಡುತ್ತಿದೆ. ಮೊಂಡ್ರಾಗೊನ್‌ನ ಗುರುಗಳು 1959ರಲ್ಲಿ ಎತ್ತಿದ ಪ್ರಶ್ನೆ ಇದೇ ಆಗಿತ್ತು.

ಪ್ರತಿ ಧರ್ಮಕೇಂದ್ರವೂ ಬ್ಯಾಂಕ್ ತೆರೆಯಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಕಾನೂನಿದೆ, ಪರಿಣತಿ ಬೇಕು. ಆದರೆ ಫಾದರ್ ಹೋಸೆ ಮರಿಯಾ ಆರಂಭಿಸಿದ್ದು ಬ್ಯಾಂಕಿನಿಂದಲ್ಲ. ಹದಿನಾಲ್ಕು ವರ್ಷ ಅಧ್ಯಯನ ವರ್ಗ ಮತ್ತು ಶಾಲೆಯ ಮೂಲಕ ಜನರನ್ನು ತಯಾರು ಮಾಡಿದ ಮೇಲೆಯೇ ಮೊದಲ ಕಾರ್ಖಾನೆಗೆ ಹಣ ಕೇಳಿದರು. ಅಷ್ಟು ನಮ್ಮಿಂದಲೂ ಸಾಧ್ಯ. ನಮ್ಮ ವಾಳೆಯಲ್ಲಿ ಕೈಕಸುಬು ಬಲ್ಲವರು ಎಷ್ಟು ಮಂದಿ ಇದ್ದಾರೆ? ಊರಲ್ಲೇ ಕೆಲಸ ಸಿಕ್ಕಿದರೆ ಇಲ್ಲೇ ಉಳಿಯುವೆ ಎನ್ನುವ ಯುವಕ ಯುವತಿಯರು ಎಷ್ಟು ಮಂದಿ? ವಿದೇಶದಿಂದ ಮರಳಿದವರ ಅನುಭವವನ್ನು ಯಾರಾದರೂ ಕೇಳಿದ್ದೇವೆಯೇ? ನಾವು ಸದಸ್ಯರಾಗಿರುವ ಸಹಕಾರಿ ಸಂಘದ ಮಹಾಸಭೆಗೆ ಕೊನೆಯ ಬಾರಿ ಹೋದದ್ದು ಯಾವಾಗ? ಗುರಿಕಾರರು, ಯುವ ಸಂಘಟನೆಯವರು, ಪಾಲನಾ ಮಂಡಳಿಯವರು ಮುಂದಿನ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಒಂದು ಗಂಟೆ ಕೊಡಲಿ ಎಂಬುದು ನಮ್ಮ ವಿನಂತಿ. ಬೀದಿ ಮೂಲೆಯ ಪೆಟ್ಟಿಗೆಗೆ ಚೀಟಿ ಹಾಕಿದ ಆ 600 ಮಂದಿಗೂ ಮುಂದೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. ತಮ್ಮಿಂದ ಏನು ಕೊಡಲು ಸಾಧ್ಯ ಎಂಬುದನ್ನು ಮಾತ್ರ ಅವರು ಬರೆದು ಹಾಕಿದ್ದರು.